ಕೈ ಸನ್ನೆಗೆ ಕೂರುತ್ತೆ, ಬರೀ ಮಾತಿಗೆ ಪಿಳಿಪಿಳಿ ನೋಡುತ್ತೆ: ನಾಯಿಗೆ ನಮ್ಮ ಮಾತು ಎಷ್ಟು ತಲುಪುತ್ತೆ?

ಮೂರುಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡೂವರೆ ವರ್ಷದ ಗಂಡು ನಾಯಿ, ಸುಮಾರು 22 ಕೆಜಿ. ಮನೆಯಲ್ಲಿ ಮೂವರು ದೊಡ್ಡವರು, ಆರು ವರ್ಷದ ಒಂದು ಮಗು. ನಾಯಿ ಜಾಣ ಅಂತಲೇ ಎಲ್ಲರೂ ಹೇಳ್ತಾರೆ. ಆದ್ರೆ ನಾವು ಹೇಳೋದು ಅದಕ್ಕೆ ಎಷ್ಟು ತಲುಪ್ತಿದೆ, ಅದು ಹೇಳೋದು ನಮಗೆ ಎಷ್ಟು ತಲುಪ್ತಿದೆ ಅನ್ನೋದೇ ಅನುಮಾನ.

ಒಂದು, ಕೈ ಮೇಲೆತ್ತಿ "ಕೂರು" ಅಂದ್ರೆ ಕಣ್ಣು ಮಿಟುಕಿಸೋದ್ರೊಳಗೆ ಕೂರುತ್ತೆ. ಕೈ ಜೇಬಲ್ಲಿಟ್ಟು ಅದೇ ಮಾತು ಹೇಳಿದ್ರೆ ಮುಖ ನೋಡ್ಕೊಂಡು ನಿಲ್ಲುತ್ತೆ. ಪಕ್ಕದ ರೂಮಿಂದ ಹೇಳಿದ್ರಂತೂ ಕೂರೋ ಬದಲು ಎದ್ದು ನಮ್ಮ ಹತ್ರ ಬರುತ್ತೆ.

ಎರಡು, "ಬಾ" ಅಂದ್ರೆ ಮನೆಯೊಳಗೆ ಬರುತ್ತೆ. ಬಯಲಲ್ಲಿ ಬಿಟ್ಟಾಗ ಎರಡು ಮಾರು ದೂರದವರೆಗೆ ಬಂದು ಅಲ್ಲೇ ಸುತ್ತು ಹಾಕುತ್ತೆ, ಕೈಗೆ ಸಿಗಲ್ಲ.

ಮೂರು, ಮಗು ತಬ್ಬಿಕೊಂಡ್ರೆ ಇತ್ತೀಚೆಗೆ ಗುರ್ ಅನ್ನುತ್ತೆ. ಕಚ್ಚಿಲ್ಲ. ಗದರಿಸಿದ್ರೆ ಸುಮ್ಮನಾಗುತ್ತೆ. ಹೀಗೇ ಗದರಿಸ್ತಾ ಹೋಗಬೇಕಾ?

ಇನ್ನೊಂದು. ಚಪ್ಪಲಿ ಕಡಿದು ಹಾಕಿದ ದಿನ ನಾವು ಬಾಗಿಲು ತೆಗೆಯೋ ಹೊತ್ತಿಗೇ ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ ಕೂತಿರುತ್ತೆ. ತಪ್ಪು ಮಾಡಿದೆ ಅಂತ ಅಷ್ಟು ಗೊತ್ತಾಗೋ ಪ್ರಾಣಿಗೆ "ಕೂರು" ಯಾಕೆ ಗೊತ್ತಾಗಲ್ಲ?

---

ಸನ್ನೆಸದ್ದು

ಮೊದಲನೆಯದು ಮಾತ್ರ ಹಿಡಿದುಕೊಳ್ತೀನಿ, ಉಳಿದದ್ದಕ್ಕೆ ಬೇರೆಯವರು ಬರ್ತಾರೆ.

ನಿಮ್ಮ ನಾಯಿಗೆ "ಕೂರು" ಅನ್ನೋ ಮಾತನ್ನ ಇನ್ನೂ ಯಾರೂ ಕಲಿಸಿಲ್ಲ. ಕೈ ಸನ್ನೆ ಕಲಿಸಿದ್ದೀರಿ, ಅದರ ಜೊತೆಗೆ ಬಾಯಲ್ಲಿ ಒಂದು ಸದ್ದು ಮಾಡ್ತಿದ್ದೀರಿ, ಅಷ್ಟೇ. ಕೈಯೂ ಮಾತೂ ಒಂದೇ ಗಳಿಗೆಯಲ್ಲಿ ಬಂದ್ರೆ ನಾಯಿ ಕೈಯನ್ನ ಆರಿಸಿಕೊಳ್ಳುತ್ತೆ, ಮಾತು ಹಿನ್ನೆಲೆಗೆ ಸರಿಯುತ್ತೆ. ಮಾತು ಒಂದು, ಕೈ ಇನ್ನೊಂದು ಹೇಳಿದಾಗ ನಾಯಿ ಯಾವುದನ್ನ ನಂಬುತ್ತೆ ಅಂತ 2016ರಲ್ಲಿ ಇಟಲಿಯ ಸಂಶೋಧಕರು ನೋಡಿದ್ದರು. ಹೆಚ್ಚಿನ ಸಲ ಗೆದ್ದದ್ದು ಕೈ.

ಖಾತ್ರಿ ಮಾಡ್ಕೊಳ್ಳೋಕೆ ಎರಡು ಪರೀಕ್ಷೆ. ಕೈ ಬೆನ್ನ ಹಿಂದೆ ಕಟ್ಟಿ, ನೆಟ್ಟಗೆ ನಿಂತು, ಒಂದೇ ಸಲ "ಕೂರು" ಅನ್ನಿ, ಐದು ಸೆಕೆಂಡ್ ಅಲುಗಾಡಬೇಡಿ. ಆಮೇಲೆ ದಿನಾ ಮಾಡೋ ಕೈ ಸನ್ನೆ ಮಾಡಿ, ಬಾಯಲ್ಲಿ ಅದೇ ರಾಗದಲ್ಲಿ "ಮಂಗಳವಾರ" ಅನ್ನಿ. ಮಂಗಳವಾರಕ್ಕೆ ಕೂತು, ಬರೀ ಕೂರುಗೆ ಕೂರದಿದ್ರೆ ಸಂಗತಿ ಸ್ಪಷ್ಟ.

ಸರಿಪಡಿಸೋ ದಾರಿ ಸುಲಭ, ಆದ್ರೆ ಅನುಕ್ರಮ ಕೆಡಬಾರದು. ಹೊಸ ಸಂಕೇತ ಮೊದಲು, ಹಳೇ ಸಂಕೇತ ಆಮೇಲೆ.

ಕೈಗಳು ಪಕ್ಕದಲ್ಲಿ ಸುಮ್ಮನಿರಲಿ. "ಕೂರು" ಅನ್ನಿ. ಪೂರ್ತಿ ಒಂದು ಸೆಕೆಂಡ್ ಬಿಡಿ. ಆಮೇಲೆ ಕೈ ಸನ್ನೆ. ಹಿಂಭಾಗ ನೆಲ ಮುಟ್ಟಿದ ಕ್ಷಣಕ್ಕೆ "ಹ್ಞಾ" ಅಂತ ಗುರುತಿನ ಸದ್ದು, ನಂತರ ತಿನಿಸು. ಕ್ಲಿಕ್ಕರ್ (ಒತ್ತಿದ್ರೆ ಕ್ಲಿಕ್ ಅನ್ನೋ ಪುಟ್ಟ ಸಾಧನ) ಇದ್ರೆ "ಹ್ಞಾ" ಬದಲು ಕ್ಲಿಕ್. ಈ ಗುರುತಿನ ಸದ್ದು ನಾಯಿಗೆ ಹೊಸದಾಗಿದ್ರೆ, ಮೊದಲು ಏನೂ ಮಾಡಿಸದೆ ಹದಿನೈದು ಇಪ್ಪತ್ತು ಸಲ "ಹ್ಞಾ", ತಿನಿಸು, "ಹ್ಞಾ", ತಿನಿಸು ಅಂತ ಜೋಡಿ ಕಟ್ಟಿ. ಸದ್ದು ಕೇಳಿದ ಕೂಡಲೇ ಕತ್ತು ತಿರುಗಿಸಿದ್ರೆ ಅದು ಹಿಡೀತು ಅಂತ.

ತಿನಿಸು ಬಟಾಣಿ ಕಾಳಿಗಿಂತ ದೊಡ್ಡದು ಬೇಡ, ಮೆತ್ತಗಿರಲಿ. ಅಗಿಯೋಕೆ ಕೂತ್ರೆ ನಡುವೆ ಏನು ನಡೀತಿತ್ತು ಅನ್ನೋದು ತಪ್ಪಿಹೋಗುತ್ತೆ. ದಿನದ ಒಟ್ಟು ಆಹಾರದ ಕ್ಯಾಲೊರಿಯಲ್ಲಿ ಇಂಥ ತಿನಿಸು ಹತ್ತನೇ ಒಂದು ಭಾಗ ಮೀರದಿರಲಿ. ಒಂದು ಪಾಠ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಪಾಠ ಸಾಕು.

ಹೀಗೆ ಮಾಡ್ತಾ ಹೋದ್ರೆ ಒಂದು ಹಂತದಲ್ಲಿ ಮಾತು ಮುಗಿದ ಮೇಲೆ, ಕೈ ಏಳೋ ಮೊದಲೇ ನಾಯಿ ಕೂರೋಕೆ ಶುರು ಮಾಡುತ್ತೆ. ಕಾಯ್ತಾ ಇದ್ದದ್ದು ಇದಕ್ಕೇ. ಆ ಸಲ ಒಂದಲ್ಲ, ಮೂರು ಚೂರು ಒಂದಾದ ಮೇಲೊಂದು ಕೊಡಿ. ಅಲ್ಲಿಂದ ಕೈಯನ್ನ ಕರಗಿಸಿ: ಪೂರ್ತಿ ಎತ್ತೋದು, ಮೊಣಕೈವರೆಗೆ, ಬರೀ ಬೆರಳು, ಆಮೇಲೆ ಏನೂ ಇಲ್ಲ. ಒಂದು ಹಂತದಲ್ಲಿ ಹತ್ತಕ್ಕೆ ಎಂಟು ಸಲ ಸರಿ ಬಂದ್ರೆ ಮುಂದಿನದಕ್ಕೆ. ಹತ್ತಕ್ಕೆ ಐದು ಬಂದ್ರೆ ಒಂದು ಹೆಜ್ಜೆ ಹಿಂದಕ್ಕೆ.

ಎಡವೋದು ಎಲ್ಲಿ ಅಂದ್ರೆ, ಮಾತಾಡೋ ಮುಂಚೆಯೇ ಕೈ ತಿನಿಸಿನ ಚೀಲಕ್ಕೆ ಹೋಗಿರುತ್ತೆ. ನಾಯಿಗೆ ಅದೇ ಸಂಕೇತ ಆಗಿಬಿಡುತ್ತೆ, ಚೀಲ ಇಲ್ಲದ ದಿನ ಕಿವುಡು. ಅಥವಾ "ಕೂರು" ಅನ್ನುವಾಗ ಗೊತ್ತಿಲ್ಲದೆ ಸೊಂಟ ಬಗ್ಗಿರುತ್ತೆ, ಗದ್ದ ಅಲ್ಲಾಡಿರುತ್ತೆ. ಫೋನನ್ನ ಗೋಡೆಗೆ ಒರಗಿಸಿ ಒಂದು ನಿಮಿಷ ವಿಡಿಯೋ ತೆಗೆದು, ಸದ್ದು ಬಂದ್ ಮಾಡಿ ನೋಡಿ. ನಿಮ್ಮ ಮೈ ಯಾವಾಗ ಏನು ಹೇಳ್ತಿದೆ ಅಂತ ನಾಯಿಗೆ ಕಾಣೋ ಹಾಗೆ ಕಾಣುತ್ತೆ.

"ಕೂರು ಕೂರು ಕೂರೂ" ಅಂತ ಮೂರು ಸಲ ಹೇಳೋರಿಗೆ ನಾಯಿ ಮೂರನೇದಕ್ಕೆ ಕೂರೋದನ್ನ ಕಲಿಯುತ್ತೆ. ಒಂದೇ ಸಲ. ಎರಡು ಸೆಕೆಂಡ್ ಕಾದು, ಆಗದಿದ್ರೆ ಕೈ ತೋರಿಸಿ, ಸಣ್ಣ ಚೂರು ಕೊಟ್ಟು ಮುಂದೆ ಹೋಗಿ.

---

ಬಾಲಬೋಧೆ

ಮೇಲಿನದಕ್ಕೆ ಒಂದು ಸೇರ್ಪಡೆ. ಮೂವರು ದೊಡ್ಡವರು ಅಂದ್ರಿ. ಮೂವರೂ ಏನು ಹೇಳ್ತೀರಿ ಅಂತ ಒಂದು ಕಾಗದದ ಮೇಲೆ ಬರೆದು ನೋಡಿ. ಸಾಮಾನ್ಯವಾಗಿ ಒಬ್ಬರು "ಕೂರು", ಒಬ್ಬರು "ಕೂತ್ಕೋ", ಇನ್ನೊಬ್ಬರು "ಸಿಟ್". ಕರೆಯೋಕೆ "ಬಾ", "ಬಾರೋ", "ಬಾರೋ ಕಂದಾ ಇಲ್ಲಿ". ನಮಗೆ ಇವೆಲ್ಲ ಒಂದೇ. ನಾಯಿಗೆ ಬೇರೆ ಬೇರೆ ಸದ್ದು, ಒಂದೊಂದಕ್ಕೂ ಸಿಕ್ಕ ಅಭ್ಯಾಸ ಮೂರನೇ ಒಂದು ಪಾಲು.

ಎಂಟು ಹತ್ತು ಮಾತಿನ ಪಟ್ಟಿ ಮಾಡಿ ಫ್ರಿಜ್ ಮೇಲೆ ಅಂಟಿಸಿ. ಒಂದು ಮಾತಿಗೆ ಒಂದೇ ಕೆಲಸ. "ಇಳಿ" ಅಂದ್ರೆ ಸೋಫಾದಿಂದ ಇಳಿಯೋದು, ಮೈಮೇಲೆ ಹಾರಿದಾಗಲೂ ಅದನ್ನೇ ಹೇಳಿದ್ರೆ ಗೊಂದಲ. ಒಂದೇ ಥರ ಶುರುವಾಗೋ ಮಾತು ಆದಷ್ಟು ತಪ್ಪಿಸಿ. "ಬಾ"ಗೂ "ಬಿಡು"ಗೂ ನಡುವೆ ಅವಸರದಲ್ಲಿ ಕೂಗಿದಾಗ ಹೆಚ್ಚು ವ್ಯತ್ಯಾಸ ಉಳಿಯಲ್ಲ.

ಹೆಸರನ್ನ ಸವೆಸಬೇಡಿ. ಹೆಸರಿನ ಅರ್ಥ "ನನ್ನ ಕಡೆ ನೋಡು" ಅಷ್ಟೇ. ಹೆಸರು ಹೇಳಿ, ನೋಡಿದ ಮೇಲೆ ಕೆಲಸದ ಮಾತು. ದಿನಕ್ಕೆ ನೂರು ಸಲ ಸುಮ್ಮನೆ ಕರೆದು ಏನೂ ಕೊಡದೆ ಇದ್ರೆ, ಇಲ್ಲವೇ ಗದರೋಕೆ ಮಾತ್ರ ಬಳಸಿದ್ರೆ, ಫ್ಯಾನ್ ಸದ್ದಿನ ಹಾಗೆ ಆಗಿಬಿಡುತ್ತೆ.

ಮಾತು ಕಲಿಯೋ ಶಕ್ತಿ ನಾಯಿಗಿಲ್ಲ ಅಂತ ಯಾರೂ ಅಂದ್ಕೋಬಾರದು. ಅಮೆರಿಕದ ಚೇಸರ್ ಅನ್ನೋ ಬಾರ್ಡರ್ ಕಾಲಿ ತಳಿಯ ನಾಯಿ 1,022 ಆಟಿಕೆಗಳ ಹೆಸರು ಕಲಿತದ್ದು ದಾಖಲೆಯಲ್ಲಿದೆ. ಅದರ ಹಿಂದೆ ದಿನಕ್ಕೆ ಗಂಟೆಗಟ್ಟಲೆ ನಡೆದ ಪಾಠ ಇತ್ತು. 2016ರಲ್ಲಿ ಹಂಗೇರಿಯ ತಂಡ ಎಚ್ಚರವಾಗಿರೋ ನಾಯಿಗಳನ್ನ ಎಂಆರ್‌ಐ ಯಂತ್ರದಲ್ಲಿ ಅಲುಗಾಡದೆ ಮಲಗಿಸಿ ಹೊಗಳಿಕೆ ಕೇಳಿಸಿತು. ಮಾತೂ ಹೊಗಳಿಕೆ, ದನಿಯೂ ಹೊಗಳಿಕೆ ಆಗಿದ್ದಾಗ ಮಾತ್ರ ಮಿದುಳಿನ ಸಂತೋಷದ ಭಾಗ ಚುರುಕಾಯ್ತು. ಅಂದ್ರೆ ಸಪ್ಪೆ ದನಿಯಲ್ಲಿ "ಭೇಷ್" ಅಂದ್ರೆ ಅರ್ಧ ಮಾತ್ರ ತಲುಪುತ್ತೆ.

ಪಕ್ಕದ ರೂಮಿನ ವಿಚಾರ: ನಾಯಿ ಕಲಿತದ್ದು "ನನ್ನೆದುರು ನಿಂತ ಮನುಷ್ಯ ಹೀಗಂದಾಗ ಅವನ ಮುಂದೆ ಕೂರೋದು". ಎದುರು ಮನುಷ್ಯನೇ ಇಲ್ಲದಾಗ ಹುಡುಕಿಕೊಂಡು ಬರೋದು ಅದರ ಮಟ್ಟಿಗೆ ಸರಿಯಾದ ಉತ್ತರವೇ. ಮಾತು ಗಟ್ಟಿಯಾದ ಮೇಲೆ ನಿಮ್ಮ ಭಂಗಿ ಬದಲಿಸುತ್ತಾ ಹೋಗಿ. ಪಕ್ಕಕ್ಕೆ ತಿರುಗಿ, ಕುರ್ಚಿಯಲ್ಲಿ ಕೂತು, ನೆಲದ ಮೇಲೆ ಮಲಗಿ, ಬೆನ್ನು ಹಾಕಿ, ಮೂರು ಮೀಟರ್ ದೂರದಿಂದ, ಕೊನೆಗೆ ಅರ್ಧ ತೆರೆದ ಬಾಗಿಲ ಹಿಂದಿಂದ. ಒಂದನ್ನ ಕಷ್ಟ ಮಾಡುವಾಗ ಉಳಿದದ್ದನ್ನ ಸುಲಭ ಮಾಡಿ: ದೂರ ಹೆಚ್ಚಿಸೋ ದಿನ ಸುತ್ತ ಬೇರೆ ಗದ್ದಲ ಬೇಡ.

---

ಮೂರುಮನೆ

ಕಾಗದದ ಮೇಲೆ ಬರೆದಾಯ್ತು. ಕರೆಯೋಕೆ ನಾಲ್ಕು ಮಾತು, ಕೂರಿಸೋಕೆ ಮೂರು, "ಬೇಡ" ಅನ್ನೋಕೆ ಐದು. ಒಂದು ಸಂದೇಹ: ಈಗ ನಾನು ಬಾಯಿ ತೆಗೆಯೋ ಮುಂಚೆಯೇ ಕೂರ್ತಿದೆ. ಇದು ಒಳ್ಳೇದಾ ಕೆಟ್ಟದ್ದಾ?

---

ಸನ್ನೆಸದ್ದು

ತಿನಿಸು ಕಂಡ ಕೂಡಲೇ ಕೂರೋದು ಊಹೆ, ಕೇಳಿ ಮಾಡೋದಲ್ಲ. ಅದಕ್ಕೆ ತಿನಿಸು ಕೊಡಬೇಡಿ, ಬೈಯಲೂಬೇಡಿ. ಎರಡು ಹೆಜ್ಜೆ ಬೇರೆ ಕಡೆ ನಡೆದು, ನಾಯಿ ಎದ್ದ ಮೇಲೆ ಮಾತು ಹೇಳಿ.

ಊಹೆ ಮುರಿಯೋಕೆ ಮಾತುಗಳನ್ನ ಬೆರೆಸಬೇಕು. ಹತ್ತು ಸಲದಲ್ಲಿ "ಕೂರು" ನಾಲ್ಕು, "ಮಲಗು" ನಾಲ್ಕು, ನಡುನಡುವೆ ಅರ್ಥವಿಲ್ಲದ ಮಾತು ಎರಡು. "ಮಂಗಳವಾರ" ಅಂದಾಗ ನಾಯಿ ಏನೂ ಮಾಡದೆ ನಿಂತು ನೋಡಿದ್ರೆ ಅದಕ್ಕೂ "ಹ್ಞಾ", ತಿನಿಸು. "ಮಲಗು" ಗೊತ್ತಿಲ್ಲದಿದ್ರೆ ಮೊದಲು ಅದನ್ನ ಬೇರೆಯಾಗಿ ಕಲಿಸಿ, ಎರಡೂ ಒಟ್ಟಿಗೆ ಶುರು ಮಾಡಬೇಡಿ. ಸರದಿ ಒಂದೇ ಥರ ಇರಬಾರದು. ಕೂರು, ಮಲಗು, ಕೂರು, ಮಲಗು ಅಂತ ಹೋದ್ರೆ ನಾಯಿ ಸರದಿಯನ್ನೇ ಕಲಿಯುತ್ತೆ.

---

ನಾಲ್ಕುಹೆಜ್ಜೆ

"ಬಾ" ವಿಚಾರಕ್ಕೆ ಬರ್ತೀನಿ. ಎರಡು ಮಾರು ದೂರದಲ್ಲಿ ನಿಲ್ಲೋ ನಾಯಿಗೆ ಮಾತು ಚೆನ್ನಾಗಿಯೇ ಗೊತ್ತು. ಮಾತಿನ ನಂತರ ಏನಾಗುತ್ತೆ ಅನ್ನೋದೂ ಗೊತ್ತು, ಅದಕ್ಕೇ ನಿಂತಿರೋದು.

ಒಂದು ವಾರದಲ್ಲಿ "ಬಾ" ಅಂದ ಮೇಲೆ ಏನೇನಾಯ್ತು ಅಂತ ಲೆಕ್ಕ ಹಾಕಿ. ಚೈನ್ ಹಾಕಿ ಮನೆಗೆ ಕರ್ಕೊಂಡು ಹೋಗೋದು, ಸ್ನಾನ, ಉಗುರು ಕತ್ತರಿಸೋದು, ಕಿವಿಗೆ ಔಷಧಿ, "ಎಷ್ಟು ಹೊತ್ತು ಕರೀಬೇಕು ನಿನ್ನ" ಅನ್ನೋ ಬೈಗುಳ. ನಾಯಿಯ ಮಟ್ಟಿಗೆ "ಬಾ" ಅಂದ್ರೆ ಆಟ ಮುಗೀತು. ಈ ಮಾತು ಕೆಟ್ಟುಹೋಗಿದೆ. ರಿಪೇರಿ ಮಾಡೋದಕ್ಕಿಂತ ಹೊಸ ಮಾತು ಹುಟ್ಟುಹಾಕೋದು ಬೇಗ ಆಗುತ್ತೆ. ಮನೆಯಲ್ಲಿ ಬೇರೆ ಯಾವುದಕ್ಕೂ ಬಳಸದ, ಕೂಗೋಕೆ ಅನುಕೂಲವಾದ ಎರಡು ಅಕ್ಷರದ ಸದ್ದು ಆರಿಸಿ.

ಮೊದಲ ವಾರ ಮನೆಯೊಳಗೆ, ಎರಡು ಮೀಟರ್ ದೂರದಿಂದ. ನಾಯಿ ಆಗಲೇ ನಿಮ್ಮ ಕಡೆ ಬರ್ತಿರುವಾಗ ಹೊಸ ಮಾತು ಹೇಳಿ, ದಿನದ ಅತ್ಯುತ್ತಮ ತಿನಿಸು ಕೊಡಿ. ಬೇರೆ ಸಮಯದಲ್ಲಿ ಎಂದೂ ಸಿಗದ ತಿನಿಸು ಇದಕ್ಕೆ ಮೀಸಲಿಡಿ. ಕೊಡೋದು ನಿಮ್ಮ ಕಾಲ ಬುಡದಲ್ಲಿ, ಕೈ ಮುಂದೆ ಚಾಚಿ ಅಲ್ಲ. ಕೈ ಚಾಚಿ ಕೊಟ್ರೆ ನಾಯಿ ಒಂದು ಮೀಟರ್ ದೂರದಲ್ಲೇ ನಿಲ್ಲೋದನ್ನ ಕಲಿಯುತ್ತೆ, ನಿಮ್ಮದು ಈಗ ಮಾಡ್ತಿರೋ ಹಾಗೆ.

ಇಲ್ಲೊಂದು ಸಣ್ಣ ಸಂಗತಿಯೇ ದೊಡ್ಡದು. ನಾಯಿ ಬಂದಾಗ ಮೊದಲು ಒಂದು ಕೈ ಮೆಲ್ಲಗೆ ಕೊರಳ ಬೆಲ್ಟ್ ಮುಟ್ಟಲಿ, ಆಮೇಲೆ ಇನ್ನೊಂದು ಕೈ ತಿನಿಸು ಕೊಡಲಿ, ಆಮೇಲೆ "ಹೋಗು" ಅಂತ ಬಿಟ್ಟುಬಿಡಿ. ಬೆಲ್ಟ್ ಮುಟ್ಟೋದು ತಿನಿಸಿನ ಮುನ್ಸೂಚನೆ ಆಗಬೇಕು. ತಿನಿಸು ತೋರಿಸಿ ಅದು ತಿನ್ನುವಾಗ ಗಬಕ್ಕನೆ ಹಿಡಿದ್ರೆ, ತಿನಿಸೇ ಬಲೆಯ ಮುನ್ಸೂಚನೆ ಆಗುತ್ತೆ. ಅಂಥ ನಾಯಿ ಕೊನೆಗೆ ತಿನಿಸು ಕಂಡ್ರೂ ಹಿಂದೆ ಸರಿಯುತ್ತೆ.

ಹೊರಗೆ ಎಂಟರಿಂದ ಹತ್ತು ಮೀಟರ್ ಉದ್ದದ ಹಗ್ಗ. ಕೊರಳಿಗಲ್ಲ, ಎದೆಪಟ್ಟಿಗೆ ಬೆನ್ನ ಕಡೆಯಿಂದ ಕಟ್ಟಿ. ಓಡಿ ಬಂದ ವೇಗದಲ್ಲಿ ಹಗ್ಗ ಮುಗಿದ್ರೆ ಕತ್ತಿಗೆ ಬೀಳೋ ಜಗ್ಗು ಸಣ್ಣದಲ್ಲ. ಹಗ್ಗವನ್ನ ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಮುರಿಯುತ್ತೆ. ಮಡಿಕೆ ಮಾಡಿ ಹಿಡೀರಿ, ಇಲ್ಲವೇ ತುದಿ ನೆಲದ ಮೇಲೆ ಎಳೆದಾಡಲಿ, ಬೇಕಾದಾಗ ಕಾಲಿಟ್ಟು ನಿಲ್ಲಿಸಿ. ಹಗ್ಗ ಇರೋದು ತಪ್ಪಿಸಿಕೊಳ್ಳದ ಹಾಗೆ ನೋಡ್ಕೊಳ್ಳೋಕೆ. ಹಗ್ಗ ಜಗ್ಗಿ ಎಳೆದು ತರಿಸಿದ್ರೆ ಪಾಠ ಆಗಲ್ಲ.

ಕರೆದಾಗ ನಿಮ್ಮ ಮೈ ಏನು ಮಾಡುತ್ತೆ ನೋಡಿ. ಎದುರಾಗಿ ನಿಂತು, ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು ಕರೆದ್ರೆ ನಾಯಿಯ ಭಾಷೆಯಲ್ಲಿ ಅದು "ಅಲ್ಲೇ ಇರು". ಪಕ್ಕಕ್ಕೆ ತಿರುಗಿ, ಎರಡು ಹೆಜ್ಜೆ ಹಿಂದಕ್ಕೆ ಓಡಿ, ಇಲ್ಲವೇ ಮಂಡಿಯೂರಿ. ಬೆನ್ನಟ್ಟಿಕೊಂಡು ಹೋದ್ರಂತೂ ಅದು ಮುಟ್ಟಾಟ, ಗೆಲ್ಲೋದು ಯಾವತ್ತೂ ನಾಲ್ಕು ಕಾಲಿನವರೇ.

ಹತ್ತು ಸಲ ಕರೆದ್ರೆ ಒಂಬತ್ತು ಸಲ ತಿನಿಸು ಕೊಟ್ಟು ಮತ್ತೆ ಆಟಕ್ಕೆ ಬಿಡಿ, ಒಂದು ಸಲ ಮಾತ್ರ ಮನೆಗೆ. ಬರುತ್ತೆ ಅನ್ನೋ ನಂಬಿಕೆ ಇಲ್ಲದಾಗ ಕರೆಯಬೇಡಿ. ಇನ್ನೊಂದು ನಾಯಿಯ ಜೊತೆ ಓಡ್ತಿರುವಾಗ ಐದು ಸಲ ಕೂಗಿದ್ರೆ, ಈ ಸದ್ದಿಗೆ ಬೆಲೆಯಿಲ್ಲ ಅಂತ ಐದು ಸಲ ಕಲಿಸಿದ ಹಾಗೆ. ನಡೆದು ಹೋಗಿ ಹಗ್ಗ ಹಿಡ್ಕೊಳ್ಳಿ. ಸ್ನಾನಕ್ಕೂ ಔಷಧಿಗೂ ಕರೆಯದೆ, ನೀವೇ ಎದ್ದು ಹೋಗಿ ಕರ್ಕೊಂಡು ಬನ್ನಿ.

---

ಹಳೇಹುಲಿ

ಇಷ್ಟೆಲ್ಲ ನಾಜೂಕು ಯಾಕೆ ಸ್ವಾಮಿ. ನಾಯಿಗೆ ಯಜಮಾನ ಯಾರು ಅಂತ ಗೊತ್ತಾಗಬೇಕು ಅಷ್ಟೆ. ಮಗುವಿಗೆ ಗುರ್ ಅಂದ ತಕ್ಷಣ ಬೆನ್ನ ಮೇಲೆ ಕೆಡವಿ, ಸುಮ್ಮನಾಗುವವರೆಗೆ ಒತ್ತಿ ಹಿಡೀರಿ. ತೋಳದ ಗುಂಪಲ್ಲಿ ನಾಯಕ ಮಾಡೋದೂ ಅದನ್ನೇ.

---

ಮೂಗಿನತುದಿ

ಹಳೇಹುಲಿಯವರೇ, ದಯವಿಟ್ಟು ಈ ಸಲಹೆ ಮಗು ಇರುವ ಮನೆಗೆ ಕೊಡಬೇಡಿ.

ತೋಳದ ನಾಯಕನ ಕಥೆ ಹುಟ್ಟಿದ್ದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ಅಧ್ಯಯನದಿಂದ. ಅವರು ನೋಡಿದ್ದು ಮೃಗಾಲಯದ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ಕಾಡಿನ ತೋಳಗಳ ಬಗ್ಗೆ ಬರೆದಾಗ ತೋರಿಸಿದ ಚಿತ್ರವೇ ಬೇರೆ: ಗುಂಪು ಅಂದರೆ ಅಪ್ಪ, ಅಮ್ಮ, ಅವುಗಳ ಮರಿಗಳು. ಬಡಿದಾಡಿ ಪಟ್ಟಕ್ಕೇರಿದ ನಾಯಕ ಅಲ್ಲಿಲ್ಲ. ಇನ್ನು ಕೆಡವಿ ಒತ್ತುವುದರ ಫಲ: ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಯನ್ನು ಹೊಡೆದ ಅಥವಾ ಒದ್ದ ಮಾಲೀಕರಲ್ಲಿ ಶೇ. 43 ಮಂದಿಗೆ, ಬೆನ್ನ ಮೇಲೆ ಕೆಡವಿದವರಲ್ಲಿ ಶೇ. 31 ಮಂದಿಗೆ ನಾಯಿ ತಿರುಗಿಬಿದ್ದಿತ್ತು.

ಮೂರುಮನೆಯವರೇ, ಗದರಿಸುವುದನ್ನು ಇವತ್ತೇ ನಿಲ್ಲಿಸಿ. ಗುರ್ ಅನ್ನುವುದು "ಸಾಕು, ನನಗೆ ಕಷ್ಟವಾಗುತ್ತಿದೆ" ಎಂಬ ಕೊನೆಯ ಕೆಲವು ಮಾತುಗಳಲ್ಲಿ ಒಂದು. ಗದರಿದರೆ ನಿಲ್ಲುವುದು ಸದ್ದು, ಕಷ್ಟವಲ್ಲ. ಮುನ್ಸೂಚನೆಯೇ ಕೊಡದೆ ಕಚ್ಚುವ ನಾಯಿಗಳು ಹೀಗೆಯೂ ತಯಾರಾಗುತ್ತವೆ.

"ಇತ್ತೀಚೆಗೆ" ಎಂದಿದ್ದೀರಿ, ಆದ್ದರಿಂದ ಮೊದಲ ಕೆಲಸ ಪಶುವೈದ್ಯರ ಬಳಿ. ತಬ್ಬಿದಾಗ ಒತ್ತಡ ಬೀಳುವ ಜಾಗಗಳನ್ನು ನಿರ್ದಿಷ್ಟವಾಗಿ ಹೇಳಿ ಪರೀಕ್ಷೆ ಮಾಡಿಸಿ: ಕಿವಿ, ಕತ್ತು, ಬೆನ್ನು, ಸೊಂಟದ ಕೀಲು, ಹಲ್ಲು. ಕಿವಿಯೊಳಗೆ ಸೋಂಕು ಇದ್ದ ನಾಯಿಗೆ ಮಗುವಿನ ಪ್ರೀತಿಯ ಅಪ್ಪುಗೆ ನೋವಿನ ಹಿಡಿತ. ಮನೆಯಲ್ಲಿ ನೀವು ನೋಡಬಹುದಾದದ್ದು: ತಲೆ ಕೊಡವುವುದು, ಒಂದೇ ಕಡೆಯಿಂದ ಅಗಿಯುವುದು, ಮೆಟ್ಟಿಲ ಮುಂದೆ ಅನುಮಾನಿಸುವುದು, ಮಲಗಿ ಏಳುವಾಗ ಒಂದು ಕಾಲು ತಡವಾಗಿ ಊರುವುದು. ಕಂಡರೆ ವಿಡಿಯೋ ತೆಗೆದುಕೊಂಡು ಹೋಗಿ, ಆಸ್ಪತ್ರೆಯ ಗಾಬರಿಯಲ್ಲಿ ನಾಯಿಗಳು ಕುಂಟುವುದನ್ನೂ ಮರೆಯುತ್ತವೆ.

ನೋವು ಇಲ್ಲ ಎಂದಾದರೂ ತಬ್ಬುವುದು ಹೆಚ್ಚಿನ ನಾಯಿಗಳಿಗೆ ಇಷ್ಟದ್ದಲ್ಲ, ಸಹಿಸಿಕೊಳ್ಳುತ್ತವೆ. ಗುರ್ ಅನ್ನುವ ಮುಂಚೆ ಅದು ಬೇರೆ ರೀತಿಯಲ್ಲಿ ಹೇಳಿರುತ್ತದೆ. ಮಗು ಹತ್ತಿರ ಬಂದಾಗ ನಾಯಿಯ ಮುಖ ನೋಡಿ. ಹಸಿವಿಲ್ಲದೆ ಮೂಗು ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ಪಕ್ಕಕ್ಕೆ ತಿರುಗಿಸುವುದು. ಮುಖ ತಿರುಗಿಸಿಯೂ ಕಣ್ಣು ಮಾತ್ರ ಮಗುವಿನ ಮೇಲೆ ನೆಟ್ಟಿದ್ದರೆ ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತದೆ. ಆಮೇಲೆ ಬಾಯಿ ಮುಚ್ಚುತ್ತದೆ, ಏದುಸಿರು ನಿಲ್ಲುತ್ತದೆ, ಮೈ ಬಿಗಿಯಾಗುತ್ತದೆ. ಇಷ್ಟು ಹೊತ್ತು ನಾಲಿಗೆ ಇಳಿಬಿಟ್ಟಿದ್ದ ನಾಯಿ ತಟಕ್ಕನೆ ಬಾಯಿ ಮುಚ್ಚಿ ಮರಗಟ್ಟಿದಂತೆ ನಿಂತರೆ ಮಗುವನ್ನು ಆ ಕ್ಷಣವೇ ದೂರ ಕರೆಯಿರಿ. ನಾಯಿಯನ್ನು ಎಳೆಯಬೇಡಿ.

ಬಾಲ ಅಲ್ಲಾಡಿಸುತ್ತಿತ್ತಲ್ಲ ಎಂದು ಎಷ್ಟೋ ಜನ ಮೋಸ ಹೋಗುತ್ತಾರೆ. ಬಾಲ ಅಲ್ಲಾಡಿದರೆ ನಾಯಿ ಉದ್ರೇಕದಲ್ಲಿದೆ ಎಂದಷ್ಟೇ ಅರ್ಥ. ಸೊಂಟವೂ ಸೇರಿ ಸಡಿಲವಾಗಿ ಬಳುಕಿದರೆ ಸ್ನೇಹ. ಮೇಲೆ ನಿಮಿರಿ, ಸಣ್ಣಗೆ ಬಿರುಸಾಗಿ ಅದುರಿದರೆ ಎಚ್ಚರಿಕೆ.

ಮನೆಯವರೆಲ್ಲರಿಗೂ, ಮಗುವಿಗೂ ಕಲಿಸಬಹುದಾದ ಮೂರು ಸೆಕೆಂಡಿನ ನಿಯಮ ಒಂದಿದೆ. ನಾವು ನಾಯಿಯ ಬಳಿ ಹೋಗುವುದಲ್ಲ, ಕರೆದು ಕಾಯುವುದು. ಬಂದರೆ ಎದೆ ಅಥವಾ ಭುಜದ ಮೇಲೆ ಮೂರು ಸೆಕೆಂಡ್ ಸವರಿ ಕೈ ತೆಗೆಯುವುದು. ತಲೆಯ ಮೇಲಿಂದ ಕೈ ತರುವುದು ಬೇಡ. ನಾಯಿ ಒರಗಿದರೆ, ಮೂತಿಯಿಂದ ಕೈ ತಿವಿದರೆ ಇನ್ನು ಮೂರು ಸೆಕೆಂಡ್. ಸುಮ್ಮನೆ ನಿಂತರೆ, ಮೈ ಕೊಡವಿದರೆ, ಮುಖ ತಿರುಗಿಸಿದರೆ ಬೇಡ ಎಂದು. ಆರು ವರ್ಷದ ಮಗುವಿಗೆ ಬಾಯಲ್ಲಿ "ಒಂದು, ಎರಡು, ಮೂರು, ಕೈ ಮೇಲೆ" ಎಂದು ಎಣಿಸಲು ಹೇಳಿಕೊಟ್ಟರೆ ಆಟದ ಹಾಗೆ ಮಾಡುತ್ತದೆ.

ಮಲಗಿರುವ, ತಿನ್ನುತ್ತಿರುವ, ಆಟಿಕೆ ಕಚ್ಚುತ್ತಿರುವ ನಾಯಿಯನ್ನು ಮಗು ಮುಟ್ಟುವಂತಿಲ್ಲ. ದೊಡ್ಡವರು ಕೈಗೆಟಕುವ ದೂರದಲ್ಲಿ ಇಲ್ಲದಾಗ ಇಬ್ಬರ ನಡುವೆ ಗೇಟ್ ಇರಲಿ. ಅದೇ ಕೋಣೆಯಲ್ಲಿ ಫೋನ್ ನೋಡುತ್ತ ಕೂತಿರುವವರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವೈದ್ಯರು ಸರಿ ಎಂದ ಮೇಲೆ ಮಗುವಿನ ಸಾಮೀಪ್ಯಕ್ಕೆ ಹೊಸ ಅರ್ಥ ಕೊಡಬಹುದು. ಅನುಕ್ರಮ ಇಲ್ಲೂ ಮೇಲೆ ಹೇಳಿದ್ದೇ: ಮೊದಲು ಮಗು, ಆಮೇಲೆ ತಿನಿಸು. ನಾಯಿ ನಿರಾಳವಾಗಿರುವ ದೂರದಲ್ಲಿ, ಮೂರು ಮೀಟರ್ ಎನ್ನೋಣ, ಮಗು ಒಂದು ಹೆಜ್ಜೆ ಮುಂದೆ ಬರಲಿ, ನೀವು ನಾಯಿಗೆ ತಿನಿಸು ಕೊಡಿ, ಮಗು ಹಿಂದಕ್ಕೆ ಹೋಗಲಿ, ತಿನಿಸು ನಿಲ್ಲಲಿ. ನಾಯಿ ತಿನ್ನಲು ಶುರುಮಾಡಿದ ಮೇಲೆ ಮಗುವನ್ನು ತಂದರೆ ಏನೂ ಕಲಿಯುವುದಿಲ್ಲ, ಕೆಲವೊಮ್ಮೆ ತಿನಿಸಿನ ಮೇಲೂ ಅನುಮಾನ ಬರುತ್ತದೆ. ತಿನಿಸು ಬೇಡ ಎಂದು ಮುಖ ತಿರುಗಿಸಿದರೆ ದೂರ ಸಾಲದು. ಕೊನೆಯ ಗುರಿ ಮಗು ಪಕ್ಕದಲ್ಲಿ ಕೂರುವುದು. ತಬ್ಬುವುದು ಗುರಿಯಲ್ಲ, ಅದನ್ನು ಬಿಟ್ಟುಬಿಡಿ. ಗುರ್ ಅನ್ನುವುದು ಹೆಚ್ಚಾದರೆ, ಮೈಗೆ ತಾಗದಂತೆ ಗಾಳಿಗೆ ಬಾಯಿ ಹಾಕಿ ಕಚ್ಚಿದರೆ, ಮನೆಮದ್ದು ನಿಲ್ಲಿಸಿ ನಡವಳಿಕೆಯ ತಜ್ಞರನ್ನು ಮನೆಗೇ ಕರೆಸಿ.

---

ಬಾಲಬೋಧೆ

ಚಪ್ಪಲಿ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಆ ತಲೆ ತಗ್ಗಿಸಿದ ಮುಖ ಪಶ್ಚಾತ್ತಾಪ ಅಂತ ನಮಗೆ ಅನಿಸುತ್ತೆ. ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನ 2009ರಲ್ಲಿ ಚೊಕ್ಕವಾಗಿ ಪರೀಕ್ಷಿಸಿದರು. ಎದುರಿಗಿಟ್ಟ ತಿನಿಸನ್ನ ತಿನ್ನಬೇಡ ಅಂತ ನಾಯಿಗೆ ಹೇಳಿ ಮಾಲೀಕರು ಹೊರಗೆ ಹೋಗಬೇಕು. ವಾಪಸ್ ಬಂದಾಗ ತಿಂದಿದೆ ಅಂತಲೋ ತಿಂದಿಲ್ಲ ಅಂತಲೋ ಅವರಿಗೆ ಹೇಳಲಾಗ್ತಿತ್ತು, ಕೆಲವು ಸಲ ಬೇಕೆಂದೇ ಸುಳ್ಳು. ಅಪರಾಧಿ ಮುಖ ಬಂದದ್ದು ತಿಂದ ನಾಯಿಗಲ್ಲ, ಬೈಸಿಕೊಂಡ ನಾಯಿಗೆ. ಏನೂ ತಿನ್ನದೆ ಬೈಸಿಕೊಂಡವುಗಳ ಮುಖದಲ್ಲಿ ಅದು ಇನ್ನೂ ಹೆಚ್ಚಾಗಿತ್ತು.

"ನಾವು ಬೈಯೋ ಮುಂಚೆಯೇ ತಗ್ಗಿಸಿರುತ್ತೆ" ಅಂತೀರಿ. ನೆಲದ ಮೇಲೆ ಚಪ್ಪಲಿ ಚೂರು ಇದ್ದು, ಬಾಗಿಲು ತೆಗೆದು, ನೀವು ಒಳಗೆ ಬಂದ್ರೆ ರಂಪ ಆಗುತ್ತೆ ಅನ್ನೋ ಜೋಡಣೆ ಅದಕ್ಕೆ ಗೊತ್ತು. ಕಡಿಯುವ ಹೊತ್ತಿಗೂ ಬೈಗುಳಕ್ಕೂ ಮಧ್ಯೆ ಗಂಟೆಗಳು ಕಳೆದಿರೋದ್ರಿಂದ ಆ ಎರಡನ್ನ ಅದು ಜೋಡಿಸಲ್ಲ. ಬೈದು ಕಲಿಸಿದ್ದು ಒಂದೇ: ನೀವು ಮನೆಗೆ ಬರೋ ಗಳಿಗೆ ಭಯದ್ದು. ಬಯಲಲ್ಲಿ ಕೈಗೆ ಸಿಗದಿರೋದಕ್ಕೂ ಇದಕ್ಕೂ ಸಂಬಂಧ ಇಲ್ಲದಿಲ್ಲ. ಚಪ್ಪಲಿ ಕಪಾಟಿಗೆ, ನಾಯಿಗೆ ಅಗಿಯೋಕೆ ಅದರದ್ದೇ ವಸ್ತು. ಆಗಿಹೋದದ್ದನ್ನ ಬಾಯಿ ಮುಚ್ಚಿಕೊಂಡು ಗುಡಿಸಿ.

---

ಮೂರುಮನೆ

ಎಲ್ಲರಿಗೂ ಧನ್ಯವಾದ. ಪಶುವೈದ್ಯರ ಸಮಯ ತಗೊಂಡಾಯ್ತು, ಮಗುವಿಗೆ ಎಣಿಕೆ ಆಟ ಶುರುವಾಗಿದೆ. ಕೊನೇ ಪ್ರಶ್ನೆ, ನಾಲ್ಕುಹೆಜ್ಜೆಯವರಿಗೆ: ಹೊಸ ಮಾತಿನ ಬದಲು ಸೀಟಿ ಬಳಸಬಹುದಾ? ಮೂವರ ದನಿಯೂ ಬೇರೆ ಬೇರೆ ಇದೆಯಲ್ಲ ಅಂತ.

---

ನಾಲ್ಕುಹೆಜ್ಜೆ

ಧಾರಾಳವಾಗಿ. ಸೀಟಿಗೆ ಸಿಟ್ಟು ಬರಲ್ಲ, ಅದೇ ಅದರ ದೊಡ್ಡ ಗುಣ. ದೂರಕ್ಕೂ ಮಾತಿಗಿಂತ ಚೆನ್ನಾಗಿ ಮುಟ್ಟುತ್ತೆ. ನಾಯಿಯ ಕಿವಿ ಸುಮಾರು 45,000 ಹರ್ಟ್ಸ್‌ವರೆಗೆ ಕೇಳುತ್ತೆ, ನಮ್ಮದು 20,000ಕ್ಕೆ ಮುಗೀತು. ಆದ್ರೂ ನಮಗೆ ಕೇಳದ "ಮೌನ ಸೀಟಿ" ಬೇಡ, ಊದಿದ್ದು ಸರಿಯಾಯ್ತಾ ಇಲ್ಲವಾ ಅಂತ ನಿಮಗೇ ತಿಳಿಯಲ್ಲ. ಕೇಳೋ ಪ್ಲಾಸ್ಟಿಕ್ ಸೀಟಿ ತಗೊಳ್ಳಿ. ಮೂವರಿಗೂ ಒಂದೇ ಮಾದರಿ, ಒಂದೇ ಸ್ವರದ್ದು.

ಚಿಕ್ಕ ಚಿಕ್ಕ ತುಂಡು ಸದ್ದು, ಪೀ-ಪೀ-ಪೀ, ನಾಯಿಯನ್ನ ಓಡಿಸುತ್ತೆ. ಉದ್ದಕ್ಕೆ ಎಳೆದ ಒಂದೇ ಸದ್ದು ನಿಧಾನಿಸುತ್ತೆ, ನಿಲ್ಲಿಸುತ್ತೆ. ಕರೆಯೋಕೆ ಮೂರು ತುಂಡು ಅಂತ ಮೂವರೂ ಗೊತ್ತು ಮಾಡ್ಕೊಳ್ಳಿ. ಮೊದಲ ಎರಡು ಮೂರು ದಿನ ಊಟದ ತಟ್ಟೆ ಇಡೋದಕ್ಕೆ ಒಂದು ಸೆಕೆಂಡ್ ಮುಂಚೆ ಊದಿ, ಆಮೇಲೆ ಮೇಲೆ ಹೇಳಿದ ಎರಡು ಮೀಟರ್ ಪಾಠಕ್ಕೆ ಬನ್ನಿ. ಕಿವಿಯ ಹತ್ತಿರ ಜೋರಾಗಿ ಊದಬೇಡಿ. ವೈದ್ಯರು ಕಿವಿ ನೋಡಿ ಏನಾದ್ರೂ ಇದೆ ಅಂದ್ರೆ ಅದು ವಾಸಿಯಾಗೋವರೆಗೆ ಸೀಟಿ ಪಾಠ ಮುಂದಕ್ಕೆ ಹಾಕಿ.

ದೂರದಲ್ಲಿ ಕೈ ಸನ್ನೆಯನ್ನೂ ಇಟ್ಟುಕೊಳ್ಳಿ, ಆದ್ರೆ ನಿಂತ ಕೈ ಅಲ್ಲ, ಬೀಸೋ ಕೈ. ನಾವು 75 ಅಡಿಯಿಂದ ಗುರುತಿಸೋ ವಿವರಕ್ಕೆ ನಾಯಿ ಸುಮಾರು 20 ಅಡಿ ದೂರದಷ್ಟು ಹತ್ತಿರಕ್ಕೆ ಬರಬೇಕು. ಚಲನೆಯನ್ನ ಮಾತ್ರ ಬಲು ದೂರದಿಂದ ಹಿಡಿಯುತ್ತೆ. ತೋಳನ್ನ ಮೈಯಿಂದ ಆಚೆ ಚಾಚಿ ಬೀಸಿ, ಎದೆಯ ಮುಂದೆ ಬೀಸಿದ್ರೆ ಅಂಗಿಯ ಬಣ್ಣದಲ್ಲಿ ಕಳೆದುಹೋಗುತ್ತೆ. ಸೀಟಿಯನ್ನ ಕೊರಳಿಗೆ ನೇತುಹಾಕೋ ಹಗ್ಗಕ್ಕೆ ಜಗ್ಗಿದ್ರೆ ಬಿಚ್ಚಿಕೊಳ್ಳೋ ಕೊಂಡಿ ಇರೋದನ್ನೇ ನೋಡಿ ತಗೊಳ್ಳಿ.